ಧೂಳು, ಬಿಸಿಲು, ಜಿಟಿಜಿಟಿ ಮಳೆ: ಹುಬ್ಬಳ್ಳಿ-ಧಾರವಾಡದಲ್ಲಿ ಮನೆಯ ಹಿರಿಯರನ್ನು ವರ್ಷವಿಡೀ ಕಾಪಾಡುವ ಬಗೆ

ಏಪ್ರಿಲ್ ಮಧ್ಯಾಹ್ನ ಹುಬ್ಬಳ್ಳಿಯ ಚನ್ನಮ್ಮ ಸರ್ಕಲ್ಲಿನಲ್ಲಿ ನಿಂತರೆ ಬಿಸಿಲೂ ಧೂಳೂ ಒಟ್ಟಿಗೇ ಮುಖಕ್ಕೆ ಬಡಿಯುತ್ತವೆ. ಜುಲೈನಲ್ಲಿ ಧಾರವಾಡದ ಮನೆಗಳಲ್ಲಿ ಒಗೆದ ಬಟ್ಟೆ ಒಣಗುವುದೇ ಇಲ್ಲ. ಎರಡು ಊರಿಗೂ ನಡುವೆ ಇರುವುದು ಸುಮಾರು 20 ಕಿಲೋಮೀಟರ್ ಅಷ್ಟೇ. ಆದರೆ ಒಂದು ಬಯಲುಸೀಮೆಯ ಕಡೆ ವಾಲಿದೆ, ಇನ್ನೊಂದು ಮಲೆನಾಡಿನ ಅಂಚಿನಲ್ಲಿದೆ. ಗಟ್ಟಿಮುಟ್ಟಾಗಿರುವವರಿಗೆ ಈ ಹವೆ ಬರೀ ಕಿರಿಕಿರಿ. 65 ದಾಟಿದವರಿಗೆ, ಅದರಲ್ಲೂ ಬಿಪಿ, ಶುಗರ್, ದಮ್ಮು, ಹೃದಯದ ತೊಂದರೆ ಇರುವವರಿಗೆ, ಇದೇ ಹವೆ ಆಸ್ಪತ್ರೆಗೆ ಸೇರಿಸಿಬಿಡಬಹುದು.

ಇಡೀ ಮಾರ್ಗದರ್ಶಿ ಒಂದು ಮಾತಿನ ಮೇಲೆ ನಿಂತಿದೆ. ವಯಸ್ಸಾದ ದೇಹ ತನ್ನ ತೊಂದರೆಯನ್ನು ತಡವಾಗಿ ಹೇಳುತ್ತದೆ. ನೀರು ಕಡಿಮೆಯಾದರೂ ಬಾಯಾರಿಕೆ ಆಗುವುದಿಲ್ಲ. ಸೆಕೆ ಏರಿದರೂ ಬೆವರು ಬೇಗ ಬರುವುದಿಲ್ಲ. ಪುಪ್ಪುಸದಲ್ಲಿ ಸೋಂಕು ಇದ್ದರೂ ಕೆಲವರಿಗೆ ಜ್ವರವೇ ಕಾಣಿಸುವುದಿಲ್ಲ. ಹಾಗಾಗಿ ಅವ್ವ "ಆರಾಮ ಅದೀನಿ ಬಿಡವಾ" ಅಂದಾಗ ಅವಳು ಏನನ್ನೂ ಮುಚ್ಚಿಡುತ್ತಿಲ್ಲ. ಅವಳಿಗೆ ನಿಜವಾಗಿಯೂ ಗೊತ್ತಾಗುತ್ತಿಲ್ಲ. ಅವಳಿಗೆ ಗೊತ್ತಾಗುವವರೆಗೆ ಕಾಯಬಾರದು. ಗಡಿಯಾರ ನೋಡಿ, ಅಳೆದು, ಬರೆದಿಟ್ಟು ನಡೆಯಬೇಕು.

ಹೆಜ್ಜೆ 1: ಆರಾಮ ಇರುವಾಗಲೇ ಬರೆದಿಡಿ

ಒಂದು ನೋಟ್‌ಬುಕ್ ತನ್ನಿ. ಹಿರಿಯರು ಚೆನ್ನಾಗಿರುವ ಒಂದು ವಾರ ಈ ಕೆಲವನ್ನು ಬರೆಯಿರಿ: ತೂಕ, ಬಿಪಿ, ನಾಡಿ, ಆಕ್ಸಿಮೀಟರ್ ತೋರಿಸುವ ಆಕ್ಸಿಜನ್ ಅಂಕಿ, ಶುಗರ್ ಇದ್ದರೆ ಅದರ ಅಂಕಿ. ಇದೇ ಅವರ ಅಳತೆಗೋಲು. ಮುಂದೆ ಏನಾದರೂ ಏರುಪೇರಾದರೆ ಇದರ ಜೊತೆ ಹೋಲಿಸಿ ನೋಡಬಹುದು.

ಬಿಪಿ ನೋಡುವಾಗ ಐದು ನಿಮಿಷ ಸುಮ್ಮನೆ ಕೂರಿಸಿ. ಬೆನ್ನಿಗೆ ಆಸರೆ ಇರಲಿ, ಪಾದ ನೆಲದ ಮೇಲೆ ಇರಲಿ, ತೋಳು ಎದೆಯ ಮಟ್ಟದಲ್ಲಿರಲಿ. ಕೂತಾಗ ಒಮ್ಮೆ ನೋಡಿ, ಎದ್ದು ನಿಂತು ಒಂದು ನಿಮಿಷಕ್ಕೆ ಇನ್ನೊಮ್ಮೆ, ಮೂರು ನಿಮಿಷಕ್ಕೆ ಮತ್ತೊಮ್ಮೆ ನೋಡಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಡಾಕ್ಟರಿಗೆ ಹೇಳಲೇಬೇಕು. ಬೇಸಿಗೆಯಲ್ಲಿ ಹಿರಿಯರು ತಲೆ ತಿರುಗಿ ಬೀಳುವುದಕ್ಕೆ ಇದು ದೊಡ್ಡ ಕಾರಣ.

ಆಕ್ಸಿಮೀಟರ್ ಹಾಕುವಾಗ ಬೆರಳು ಬೆಚ್ಚಗಿರಲಿ, ಉಗುರಿನ ಮೇಲೆ ಬಣ್ಣ, ಮೆಹಂದಿ ಇರದಿರಲಿ. ಸಾಮಾನ್ಯವಾಗಿ 95ರ ಮೇಲಿರಬೇಕು. ಹಳೆಯ ದಮ್ಮು, ಸಿಒಪಿಡಿ (ಉಸಿರು ನಾಳ ಕಿರಿದಾಗುತ್ತಾ ಹೋಗುವ ದೀರ್ಘಕಾಲದ ಕಾಯಿಲೆ) ಇರುವವರಿಗೆ ಆರಾಮ ಇದ್ದಾಗಲೂ ಇದಕ್ಕಿಂತ ಕಡಿಮೆ ಇರಬಹುದು. ಅವರ ಮಟ್ಟ ಎಷ್ಟು ಅನ್ನುವುದನ್ನು ಡಾಕ್ಟರ್ ಹತ್ತಿರವೇ ಕೇಳಿ ಬರೆಸಿಕೊಳ್ಳಿ.

ಯಂತ್ರ ಅಳೆಯಲಾಗದ ಸಂಗತಿಗಳೂ ಇವೆ. ನನ್ನ ಲೆಕ್ಕದಲ್ಲಿ ಇವೇ ಜಾಸ್ತಿ ಮುಖ್ಯ. ಎಷ್ಟು ಮೆಟ್ಟಿಲು ನಿಲ್ಲದೆ ಹತ್ತುತ್ತಾರೆ? ಊಟಕ್ಕೆ ಎಷ್ಟು ರೊಟ್ಟಿ? ರಾತ್ರಿ ಎಷ್ಟು ಸಲ ಏಳುತ್ತಾರೆ? ಮಲಗಲು ಎಷ್ಟು ದಿಂಬು ಬೇಕು? ಒಂದು ದಿಂಬಿನಲ್ಲಿ ಮಲಗುತ್ತಿದ್ದ ಅಜ್ಜ ಎರಡು ಮೂರು ದಿಂಬು ಕೇಳತೊಡಗಿದರೆ, ಚಪ್ಪಟೆ ಮಲಗಿದರೆ ಉಸಿರು ಕಟ್ಟುತ್ತದೆ ಅಂದರೆ, ಹೃದಯ ಸೋಲುತ್ತಿರಬಹುದು. ಮೂರು ದಿನದಲ್ಲಿ ತೂಕ 2 ಕೆಜಿ ಏರಿದರೂ ಅದೇ ಅನುಮಾನ. ಅದು ಮೈಯಲ್ಲಿ ನಿಂತ ನೀರಾಗಿರಬಹುದು.

ಹೆಜ್ಜೆ 2: ಹೊರಗಿನ ಗಾಳಿ ಓದುವುದು ಕಲಿಯಿರಿ

ಕೇಂದ್ರ ಸರ್ಕಾರ 2019ರಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರು ಮಾಡಿತು. ಗಾಳಿಯ ಗುಣಮಟ್ಟ ಮಿತಿಯೊಳಗೆ ಬರದ ಊರುಗಳ ಆ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ಊರು ಇವೆ: ಬೆಂಗಳೂರು, ದಾವಣಗೆರೆ, ಕಲಬುರಗಿ, ಹುಬ್ಬಳ್ಳಿ-ಧಾರವಾಡ. ನಮ್ಮದು ಸಣ್ಣ ಊರು, ಗಾಳಿ ಚೊಲೊ ಇದೆ ಅಂದುಕೊಂಡು ಕೂರುವ ಹಾಗಿಲ್ಲ.

ನಮ್ಮಲ್ಲಿ ಮುಖ್ಯ ತೊಂದರೆ ಧೂಳು. ಸುತ್ತ ಎರೆ ಮಣ್ಣು. ಮಳೆಗಾಲದಲ್ಲಿ ಲಾರಿ ಗಾಲಿಗೆ ಅಂಟಿಕೊಂಡು ರಸ್ತೆಗೆ ಬರುವ ಕೆಸರು ಬೇಸಿಗೆಯಲ್ಲಿ ಒಣಗಿ, ಪುಡಿಯಾಗಿ, ಪ್ರತಿ ಗಾಡಿಯ ಹಿಂದೆ ಏಳುತ್ತದೆ. ಅದರ ಮೇಲೆ ಕೇಬಲ್ಲಿಗೆ, ಪೈಪಿಗೆ, ಮೇಲ್ಸೇತುವೆಗೆ ಅಂತ ಅಗೆದ ರಸ್ತೆಗಳು. ಬೆಂಗಳೂರು-ಪುಣೆ ಹೆದ್ದಾರಿಯ ಲಾರಿಗಳು. ಸಂಜೆ ಹೊತ್ತು ಖಾಲಿ ಸೈಟಿನಲ್ಲಿ ಕಸಕ್ಕೆ ಹಚ್ಚುವ ಬೆಂಕಿ.

ಎಲ್ಲ ಧೂಳೂ ಒಂದೇ ಅಲ್ಲ. ಪಿಎಂ10 ಅಂದರೆ 10 ಮೈಕ್ರಾನ್‌ಗಿಂತ ಸಣ್ಣ ಕಣ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ಇದು ಮೂಗು, ಗಂಟಲು, ಉಸಿರು ನಾಳಕ್ಕೆ ಹೋಗಿ ಕೆಮ್ಮು ತರುತ್ತದೆ, ದಮ್ಮು ಕೆರಳಿಸುತ್ತದೆ. ಪಿಎಂ2.5 ಅಂದರೆ 2.5 ಮೈಕ್ರಾನ್‌ಗಿಂತ ಸಣ್ಣದು. ಇದು ಹೆಚ್ಚಾಗಿ ಹೊಗೆಯಿಂದ ಬರುತ್ತದೆ. ಪುಪ್ಪುಸದ ತಳದವರೆಗೂ ಇಳಿಯುತ್ತದೆ, ಅದರಲ್ಲಿ ತೀರಾ ಸಣ್ಣ ಕಣಗಳು ರಕ್ತಕ್ಕೂ ಸೇರುತ್ತವೆ. ರಕ್ತನಾಳಗಳಲ್ಲಿ ಉರಿಯೂತ ಹೆಚ್ಚಿ, ರಕ್ತ ಹೆಪ್ಪುಗಟ್ಟುವ ಗುಣ ಜಾಸ್ತಿಯಾಗುತ್ತದೆ. ಅದಕ್ಕೇ ಕೆಟ್ಟ ಗಾಳಿಯ ದಿನಗಳಲ್ಲಿ ದಮ್ಮಿನ ಜೊತೆ ಹೃದಯಾಘಾತ, ಲಕ್ವವೂ ಹೆಚ್ಚುತ್ತವೆ. ಮರೆಗುಳಿ ರೋಗದ ಅಪಾಯ ಹೆಚ್ಚಿಸುವ ಕಾರಣಗಳ ಪಟ್ಟಿಗೆ ಲ್ಯಾನ್ಸೆಟ್ ಆಯೋಗ 2020ರಲ್ಲಿ ಗಾಳಿಯ ಮಾಲಿನ್ಯವನ್ನೂ ಸೇರಿಸಿತು.

ವಯಸ್ಸಾದವರಿಗೆ ಯಾಕೆ ಜಾಸ್ತಿ? ಉಸಿರು ನಾಳದ ಒಳಗೆ ಧೂಳನ್ನು ಮೇಲಕ್ಕೆ ತಳ್ಳುವ ಸಣ್ಣ ರೋಮಗಳ ಕೆಲಸ ನಿಧಾನವಾಗಿರುತ್ತದೆ. ಕೆಮ್ಮಿನ ಬಲವೂ ತಗ್ಗಿರುತ್ತದೆ. ಒಳಗೆ ಹೋದದ್ದು ಒಳಗೇ ಉಳಿಯುತ್ತದೆ.

ಭಾರತದ ಮಿತಿ ಪ್ರಕಾರ 24 ಗಂಟೆಯ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ ಪಿಎಂ2.5 60 ಮೈಕ್ರೋಗ್ರಾಂ, ಪಿಎಂ10 100 ಮೈಕ್ರೋಗ್ರಾಂ ದಾಟಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು ಇನ್ನೂ ಬಿಗಿ: 15 ಮತ್ತು 45. ಹಿರಿಯರಿರುವ ಮನೆಯವರು ವಿಶ್ವ ಆರೋಗ್ಯ ಸಂಸ್ಥೆಯ ಈ ಅಂಕಿಗಳನ್ನೇ ಮನಸ್ಸಿನಲ್ಲಿಡುವುದು ಒಳ್ಳೆಯದು.

ದಿನವೂ ಇಷ್ಟೆಲ್ಲ ಲೆಕ್ಕ ಬೇಡ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಆ್ಯಪ್ ಹಾಕಿಕೊಂಡು ಎಕ್ಯೂಐ, ಅಂದರೆ ಗಾಳಿಯ ಗುಣಮಟ್ಟ ಸೂಚ್ಯಂಕದ ಅಂಕಿ ನೋಡಿ. 100ರವರೆಗೆ ಎಂದಿನಂತೆ ಓಡಾಡಬಹುದು. 101ರಿಂದ 200ರೊಳಗೆ ಇದ್ದರೆ ದಮ್ಮು, ಹೃದಯದ ತೊಂದರೆ ಇರುವವರು ವಾಕಿಂಗ್ ಅರ್ಧ ಮಾಡಿ, ದೊಡ್ಡ ರಸ್ತೆ ಬಿಡಲಿ. 200 ದಾಟಿದ ದಿನ ಹಿರಿಯರೆಲ್ಲರ ವಾಕಿಂಗ್ ಮನೆಯೊಳಗೇ ಆಗಲಿ. 300 ದಾಟಿದರೆ ಬಾಗಿಲು-ಕಿಟಕಿ ಮುಚ್ಚಿ, ಇನ್‌ಹೇಲರ್ ಕೈಗೆ ಸಿಗುವ ಹಾಗೆ ಇಡಿ.

ಆದರೆ ಅಂಕಿ ಬರುವುದು ಮಾಪನ ಯಂತ್ರ ಇರುವ ಜಾಗದ್ದು. ನಿಮ್ಮ ಓಣಿಯಲ್ಲಿ ರಸ್ತೆ ಅಗೆದಿದ್ದರೆ, ಪಕ್ಕದಲ್ಲಿ ಕಲ್ಲು ಕತ್ತರಿಸುತ್ತಿದ್ದರೆ ಅದು ಆ್ಯಪಿಗೆ ಗೊತ್ತಾಗುವುದಿಲ್ಲ. ಕಿಟಕಿಯ ಕಟ್ಟೆ ಮೇಲೆ ಬೆರಳಾಡಿಸಿ ನೋಡಿ. ಬೆಳಿಗ್ಗೆ ಒರೆಸಿದ್ದು ಮಧ್ಯಾಹ್ನಕ್ಕೆ ಕಂದು ಆಗಿದ್ದರೆ ಆ ಕೋಣೆಯಲ್ಲಿ ಅಜ್ಜನ ಮಂಚ ಇರಬಾರದು.

ಹೊತ್ತಿನ ವಿಚಾರವೂ ಇದೆ. ನಮ್ಮಲ್ಲಿ ಹಿರಿಯರು ಬೆಳಗಿನ ಐದಕ್ಕೇ ವಾಕಿಂಗ್ ಹೊರಡುತ್ತಾರೆ, ಆ ಹೊತ್ತಿನ ಗಾಳಿ ಶುದ್ಧ ಅನ್ನುವ ನಂಬಿಕೆಯಿಂದ. ಬೇಸಿಗೆಯಲ್ಲಿ ಸರಿ. ಡಿಸೆಂಬರ್, ಜನವರಿಯಲ್ಲಿ ಅದು ತಪ್ಪು. ಚಳಿಯಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗಿದ್ದು, ಮೇಲೆ ಬೆಚ್ಚನೆಯ ಗಾಳಿ ಕೂತಿರುತ್ತದೆ. ರಾತ್ರಿಯ ಹೊಗೆ ಮೇಲೇಳದೆ ಕೆಳಗೇ ನಿಲ್ಲುತ್ತದೆ. ಬಿಸಿಲು ಬಿದ್ದು ನೆಲ ಕಾಯುವವರೆಗೆ, ಅಂದರೆ ಎಂಟೂವರೆ ಒಂಬತ್ತರವರೆಗೆ ತಡೆಯಿರಿ. ಬೇಸಿಗೆಯಲ್ಲಿ ಇದಕ್ಕೆ ಉಲ್ಟಾ: ಎಂಟರೊಳಗೆ ಮನೆಗೆ ಬಂದುಬಿಡಿ. ಬಿರುಬಿಸಿಲಿನಲ್ಲಿ ವಾಹನದ ಹೊಗೆಯಿಂದ ಓಜೋನ್ ಉಂಟಾಗಿ ಮಧ್ಯಾಹ್ನ ಎದೆ ಬಿಗಿಯುವಂತೆ ಮಾಡುತ್ತದೆ. ಇದು ಕಣ್ಣಿಗೆ ಕಾಣುವುದಿಲ್ಲ.

ಜಾಗವನ್ನೂ ಆರಿಸಿ. ದೊಡ್ಡ ರಸ್ತೆಯಿಂದ ನೂರಿನ್ನೂರು ಮೀಟರ್ ಒಳಗೆ ಹೋದರೂ ಹೊಗೆ ಸಾಕಷ್ಟು ತಗ್ಗುತ್ತದೆ. ಹುಬ್ಬಳ್ಳಿಯವರಿಗೆ ತೋಳನಕೆರೆ, ಇಂದಿರಾ ಗಾಜಿನ ಮನೆಯ ತೋಟ ಇವೆ. ಉಣಕಲ್ ಕೆರೆಗೆ ಹೋದರೆ ಬಿಆರ್‌ಟಿಎಸ್ ರಸ್ತೆ ಕಡೆಯ ಅಂಚು ಬಿಟ್ಟು ಒಳಬದಿಯಲ್ಲಿ ನಡೆಯಿರಿ. ಧಾರವಾಡದವರಿಗೆ ಕೆಲಗೇರಿ ಕೆರೆ, ಕರ್ನಾಟಕ ವಿಶ್ವವಿದ್ಯಾಲಯದ ಆವರಣ. ಗದಗಿನಲ್ಲಿ ಭೀಷ್ಮ ಕೆರೆ, ಹಾವೇರಿಯಲ್ಲಿ ಹೆಗ್ಗೇರಿ ಕೆರೆ.

ಮೂಗಿಗೆ ಕಟ್ಟುವ ವಸ್ತ್ರ, ಸೆರಗು ದಪ್ಪ ಧೂಳನ್ನಷ್ಟೇ ತಡೆಯುತ್ತವೆ. ಸಣ್ಣ ಕಣಕ್ಕೆ ಎನ್95 ಮಾಸ್ಕೇ ಬೇಕು, ಮೂಗಿನ ಎರಡೂ ಬದಿ ಬಿಗಿಯಾಗಿ ಕೂರಬೇಕು. ಮೊದಲೇ ಏದುಸಿರು ಬಿಡುವವರಿಗೆ ಇದು ಕಷ್ಟ. ಅಂಥವರನ್ನು ಮಾಸ್ಕ್ ಹಾಕಿ ಕರೆದೊಯ್ಯುವುದಕ್ಕಿಂತ ಆ ಹೊತ್ತು ಹೊರಗೆ ಕರೆದೊಯ್ಯದಿರುವುದೇ ಮೇಲು.

ಹೆಜ್ಜೆ 3: ಮನೆಯೊಳಗಿನ ಹೊಗೆ ನಿಲ್ಲಿಸಿ

ರಸ್ತೆಯ ಧೂಳು ನಮ್ಮ ಕೈಯಲ್ಲಿಲ್ಲ. ಮನೆಯದು ಇದೆ. ಹಿರಿಯರು ದಿನದ ಬಹುಪಾಲು ಕಳೆಯುವುದು ಮನೆಯೊಳಗೇ. ಆದ್ದರಿಂದ ಖರ್ಚಿಲ್ಲದೆ ಅತಿ ಹೆಚ್ಚು ಲಾಭ ಸಿಗುವುದು ಇಲ್ಲಿಯೇ.

ಮೊದಲು ಹೋಗಬೇಕಾದದ್ದು ಸೊಳ್ಳೆ ಬತ್ತಿ. ಒಂದು ಸುರುಳಿ ಸುಟ್ಟರೆ 75ರಿಂದ 137 ಸಿಗರೇಟಿನಷ್ಟು ಪಿಎಂ2.5 ಬರುತ್ತದೆ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳೆದು ಹೇಳಿದೆ. ಅದನ್ನು ಅಜ್ಜಿಯ ಮಂಚದ ಕೆಳಗೆ ಹಚ್ಚಿ, ಕಿಟಕಿ ಮುಚ್ಚಿ ಮಲಗಿಸುವುದು ಎಷ್ಟು ಮನೆಗಳಲ್ಲಿ ನಡೆಯುತ್ತಿದೆ! ಸೊಳ್ಳೆ ಪರದೆ ಕಟ್ಟಿ. ಕಿಟಕಿಗೆ ಜಾಳಿಗೆ ಹಾಕಿಸಿ. ಊದುಬತ್ತಿ, ಧೂಪ, ಲೋಬಾನ ದೇವರ ಮನೆಯಲ್ಲಿ ಸ್ವಲ್ಪ ಹೊತ್ತು ಸಾಕು, ಕಿಟಕಿ ತೆರೆದಿರಲಿ. ದಮ್ಮು ಇರುವವರಿದ್ದರೆ ದೀಪ, ಹೂವಿನಲ್ಲೇ ಪೂಜೆ ಮುಗಿಸಿ.

ಬಚ್ಚಲ ಮನೆಯ ಹಂಡೆ ಒಲೆ ಇನ್ನೊಂದು. ನೀರು ಕಾಯಿಸಲು ಕಟ್ಟಿಗೆ, ಅದು ಹತ್ತಿಕೊಳ್ಳಲು ಪ್ಲಾಸ್ಟಿಕ್ ಹಾಳೆ, ಹಳೆಯ ಚಪ್ಪಲಿ ತುಂಡು. ಪ್ಲಾಸ್ಟಿಕ್ ಹೊಗೆ ತುಂಬಾ ವಿಷ. ಒಲೆ ಬಿಡಲಾಗದಿದ್ದರೆ ಒಣ ಕಟ್ಟಿಗೆಯನ್ನಷ್ಟೇ ಹಾಕಿ, ಹೊಗೆ ಹೊರಹೋಗಲು ಕೊಳವೆ ಮಾಡಿಸಿ. ಹಿರಿಯರು ಒಲೆ ಊದಲು ಕೂರಬಾರದು.

ಬೇಸಿಗೆಯಲ್ಲಿ ವರ್ಷದ ಮಸಾಲೆ ಖಾರ ಮಾಡುವ ದಿನ ಅಜ್ಜ-ಅಜ್ಜಿಯನ್ನು ಬೇರೆ ಮನೆಗೆ ಕಳಿಸಿ. ಬ್ಯಾಡಗಿ ಮೆಣಸಿನಕಾಯಿ ಹುರಿಯುವ ಘಾಟು ದಮ್ಮು ಇರುವವರನ್ನು ಗಂಟೆಗಟ್ಟಲೆ ಕೆಮ್ಮಿಸುತ್ತದೆ.

ಒಣ ಕಸಬರಿಗೆಯಿಂದ ಗುಡಿಸಿದರೆ ಧೂಳು ಎದ್ದು ಮತ್ತೆ ಅಲ್ಲಿಯೇ ಕೂರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ. ಗುಡಿಸಲೇಬೇಕಿದ್ದರೆ ಹಿರಿಯರು ಬೇರೆ ಕೋಣೆಯಲ್ಲಿರುವಾಗ ಗುಡಿಸಿ. ಬೀಡಿ-ಸಿಗರೇಟು ಮನೆಯೊಳಗೆ ಯಾರೂ ಸೇದಬಾರದು, ಅಂಗಳದಲ್ಲಿ ಸೇದಿದರೂ ಹೊಗೆ ಕಿಟಕಿಯಿಂದ ಬರುತ್ತದೆ.

ಏರ್ ಪ್ಯೂರಿಫೈಯರ್ ಬೇಕಾ ಅಂತ ಬಹಳ ಜನ ಕೇಳುತ್ತಾರೆ. ತೀರಾ ಸಣ್ಣ ಕಣವನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವುದು ಒಂದು ಮಲಗುವ ಕೋಣೆಗೆ ಕೆಲಸ ಮಾಡುತ್ತದೆ. ಆದರೆ ನಾನಾದರೆ ಮೊದಲ ದುಡ್ಡು ಅಡುಗೆ ಮನೆಯ ಎಕ್ಸಾಸ್ಟ್ ಫ್ಯಾನಿಗೆ, ಕಿಟಕಿ ಜಾಳಿಗೆಗೆ, ಸೊಳ್ಳೆ ಪರದೆಗೆ ಹಾಕುತ್ತೇನೆ.

ಹೆಜ್ಜೆ 4: ಬೇಸಿಗೆಯಲ್ಲಿ ಗಡಿಯಾರ ನೋಡಿ ನೀರು ಕೊಡಿ

ಮಾರ್ಚಿನಿಂದ ಮೇ ಕೊನೆಯವರೆಗೆ ಹುಬ್ಬಳ್ಳಿ, ಗದಗ, ಹಾವೇರಿ ಮೂರೂ ಕಾಯುತ್ತವೆ. ದೇಹ ತಣ್ಣಗಾಗಲು ಎರಡು ದಾರಿ: ಬೆವರುವುದು, ಚರ್ಮದ ಕಡೆಗೆ ಜಾಸ್ತಿ ರಕ್ತ ಕಳಿಸುವುದು. ವಯಸ್ಸಾದವರಲ್ಲಿ ಬೆವರು ಕಡಿಮೆ. ಚರ್ಮಕ್ಕೆ ರಕ್ತ ಕಳಿಸಲು ಹೃದಯ ಜಾಸ್ತಿ ದುಡಿಯಬೇಕು, ದಣಿದ ಹೃದಯಕ್ಕೆ ಅದು ಆಗುವುದಿಲ್ಲ. ಮೂತ್ರಪಿಂಡವೂ ಮೊದಲಿನ ಹಾಗೆ ನೀರು ಉಳಿಸಿಕೊಳ್ಳುವುದಿಲ್ಲ.

ಬಾಯಾರಿಕೆ ಕೇಳಬೇಡಿ, ಹೊತ್ತು ಕಟ್ಟಿ. ಎದ್ದ ಕೂಡಲೇ ಒಂದು ಲೋಟ, ನಾಷ್ಟಾ ಜೊತೆ ಒಂದು, ಹನ್ನೊಂದಕ್ಕೆ ಮಜ್ಜಿಗೆ, ಊಟಕ್ಕೆ ನೀರು, ಮೂರಕ್ಕೆ ಅಂಬಲಿ ಅಥವಾ ನಿಂಬೆ ಪಾನಕ, ಐದಕ್ಕೆ, ಏಳಕ್ಕೆ. ಎಲ್ಲ ಸೇರಿ ಆರರಿಂದ ಎಂಟು ಲೋಟ. ಒಂದು ಎಚ್ಚರಿಕೆ ಇದೆ. ಹೃದಯ ಸೋತವರಿಗೆ, ಕಿಡ್ನಿ ತೊಂದರೆ ಇರುವವರಿಗೆ ಡಾಕ್ಟರ್ ದಿನಕ್ಕೆ ಇಷ್ಟೇ ನೀರು ಅಂತ ಮಿತಿ ಹಾಕಿರುತ್ತಾರೆ. ಅಂಥವರಿಗೆ ಬೇಸಿಗೆಯ ಮಿತಿ ಬೇರೆಯೇ ಅಂತ ಕೇಳಿ ತಿಳಿಯಿರಿ. ಕಿಡ್ನಿ ತೊಂದರೆ ಇದ್ದರೆ ಎಳನೀರನ್ನೂ ಕೇಳಿಯೇ ಕೊಡಿ, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಶುಗರ್ ಇದ್ದವರ ಪಾನಕಕ್ಕೆ ಸಕ್ಕರೆ-ಬೆಲ್ಲ ಬೇಡ, ಬಿಪಿ ಇದ್ದವರ ಮಜ್ಜಿಗೆಗೆ ಉಪ್ಪು ಬೇಡ.

ನೀರು ಕೊಟ್ಟರೂ ಕುಡಿಯದ ಹೆಂಗಸರು ಬಹಳ. ಕಾರಣ ಯಾರೂ ಕೇಳುವುದಿಲ್ಲ. ಕುಡಿದರೆ ಪದೇ ಪದೇ ಏಳಬೇಕು. ಪಾಯಖಾನೆ ಹಿತ್ತಲಲ್ಲಿದೆ, ಮಂಡಿ ನೋಯುತ್ತದೆ, ದಾರಿಯಲ್ಲೇ ಸೋರಿದರೆ ನಾಚಿಕೆ. ಅದಕ್ಕೆ ಬೆಳಗಿನಿಂದಲೇ ನೀರು ಬಿಡುತ್ತಾರೆ. "ಕುಡೀಬೇ ಅವ್ವಾ" ಅಂತ ಗದರಿದರೆ ಏನೂ ಆಗುವುದಿಲ್ಲ. ಹಿಡಿದುಕೊಳ್ಳಲು ಗೋಡೆಗೆ ಹಿಡಿಕೆ ಹಾಕಿಸಿ, ಕಮೋಡ್ ಕುರ್ಚಿ ತನ್ನಿ, ರಾತ್ರಿ ದಾರಿಯಲ್ಲಿ ಸಣ್ಣ ಲೈಟ್ ಹಚ್ಚಿಡಿ, ಸೋರುವುದಕ್ಕೆ ಡಾಕ್ಟರಿಗೆ ತೋರಿಸಿ. ಅದಕ್ಕೆ ಚಿಕಿತ್ಸೆ ಇದೆ. ಆಮೇಲೆ ನೀರು ತಾನೇ ಒಳಗೆ ಹೋಗುತ್ತದೆ.

ಮನೆ ತಂಪಿಡುವುದು: ಹತ್ತು ಗಂಟೆಗೆ ಬಿಸಿಲು ಬೀಳುವ ಕಿಟಕಿ ಮುಚ್ಚಿ ಪರದೆ ಎಳೆಯಿರಿ, ರಾತ್ರಿ ಎಲ್ಲ ತೆರೆಯಿರಿ. ಹಳೆಯ ಮಣ್ಣಿನ ಮಾಳಿಗೆ ಮನೆಯ ಪಡಸಾಲೆ ಈಗಲೂ ತಂಪು. ತಗಡಿನ ಮನೆ, ಆರ್‌ಸಿಸಿ ಮನೆಯ ಮೇಲಿನ ಮಹಡಿ ಕೆಂಡ. ಹಿರಿಯರ ಹಾಸಿಗೆ ಬೇಸಿಗೆ ಮುಗಿಯುವವರೆಗೆ ಕೆಳಗೆ ಬರಲಿ. ಸ್ಲ್ಯಾಬಿನ ಮೇಲೆ ಸುಣ್ಣ ಬಳಿಯುವುದು ಅಗ್ಗ, ಉಪಯೋಗ ಜಾಸ್ತಿ. ನಮ್ಮ ಬೇಸಿಗೆಯ ಗಾಳಿ ಒಣಗಿರುವುದರಿಂದ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಎದುರಿನ ಕಿಟಕಿ ತೆರೆದಿರಬೇಕು, ನೀರು ಬದಲಿಸುತ್ತಿರಬೇಕು. ಕೋಣೆಯೊಳಗಿನ ಬಿಸಿ 40 ಡಿಗ್ರಿ ದಾಟಿದರೆ ಬರೀ ಫ್ಯಾನ್ ಬಿಸಿ ಗಾಳಿಯನ್ನೇ ಮೈಗೆ ಬೀಸುತ್ತದೆ. ಆಗ ಒದ್ದೆ ಬಟ್ಟೆಯಿಂದ ಕುತ್ತಿಗೆ, ತೋಳು, ಕಾಲು ಒರೆಸಿ, ಪಾದ ತಣ್ಣೀರಿನಲ್ಲಿಡಿ.

ಹನ್ನೊಂದರಿಂದ ನಾಲ್ಕರವರೆಗೆ ಬ್ಯಾಂಕು, ಪಿಂಚಣಿ, ರೇಷನ್ ಯಾವುದೂ ಬೇಡ. ಮದುವೆಗೆ ಹೋಗಲೇಬೇಕಿದ್ದರೆ ಅಕ್ಷತೆ ಹೊತ್ತಿಗೆ ಹೋಗಿ ಬೇಗ ಬಂದುಬಿಡಿ. ಸಿದ್ಧಾರೂಢರ ಜಾತ್ರೆ ಶಿವರಾತ್ರಿ ಹೊತ್ತಿಗೆ ಬರುವುದರಿಂದ ಬಿಸಿಲು ಆಗಲೇ ಏರಿರುತ್ತದೆ, ಜನ-ಧೂಳು ಎರಡೂ ಇರುತ್ತವೆ. ತೇರಿನ ದಿನ ಬಿಟ್ಟು ಮರುದಿನ ಬೆಳಿಗ್ಗೆ ಗದ್ದುಗೆ ದರ್ಶನಕ್ಕೆ ಕರೆದೊಯ್ಯಿರಿ.

ಬಿಸಿಲಿನ ಹೊಡೆತದ ಗುರುತು: ಮಾತು ತೊದಲುವುದು, ಏನೇನೋ ಮಾತಾಡುವುದು, ಮೈ ಸುಡುವುದು. ಬೆವರು ಇರಬಹುದು, ಇಲ್ಲದಿರಬಹುದು. ಕೂಡಲೇ 108ಕ್ಕೆ ಕರೆ ಮಾಡಿ. ಗಾಡಿ ಬರುವವರೆಗೆ ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಹಾಕಿ ಗಾಳಿ ಬೀಸಿ. ಕಂಕುಳು, ಕುತ್ತಿಗೆ, ತೊಡೆಸಂದಿಗೆ ತಣ್ಣನೆ ಬಟ್ಟೆ ಇಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಜ್ವರದ ಗುಳಿಗೆ ಇದಕ್ಕೆ ಕೆಲಸ ಮಾಡುವುದಿಲ್ಲ.

ಹೆಜ್ಜೆ 5: ಮಳೆಗಾಲ

ಮಳೆ ಬಂದರೆ ಧೂಳು ಕೂರುತ್ತದೆ, ಹೊರಗಿನ ಗಾಳಿ ವರ್ಷದಲ್ಲೇ ಶುದ್ಧ. ತೊಂದರೆ ಒಳಗೆ ಬರುತ್ತದೆ. ಗೋಡೆ ತೇವ, ಮೂಲೆಯಲ್ಲಿ ಕಪ್ಪು ಬೂಸು, ದಮ್ಮು ಕೆರಳುತ್ತದೆ. ಹಿರಿಯರ ಮಂಚ ಹೊರಗೋಡೆಯಿಂದ ಒಂದು ಗೇಣು ದೂರ ಇರಲಿ. ಬಿಸಿಲು ಕಂಡ ದಿನ ಹಾಸಿಗೆ, ಕೌದಿ ಎಲ್ಲ ಹೊರಗೆ ಹಾಕಿ. ಒದ್ದೆ ಬಟ್ಟೆಯನ್ನು ಅವರ ಕೋಣೆಯಲ್ಲಿ ಒಣ ಹಾಕಬೇಡಿ.

ನಮ್ಮಲ್ಲಿ ಬಹಳ ಓಣಿಗಳಿಗೆ ನೀರು ಹಲವು ದಿನಕ್ಕೊಮ್ಮೆ ಬರುತ್ತದೆ. ಮನೆ ತುಂಬ ಬ್ಯಾರಲ್, ಕೊಡ, ಸಿಂಟೆಕ್ಸ್. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಈ ಸ್ವಚ್ಛ ನೀರಿನಲ್ಲೇ, ಕಚ್ಚುವುದು ಹಗಲಿನಲ್ಲಿ. ಪ್ರತಿ ಪಾತ್ರೆಗೆ ಬಿಗಿ ಮುಚ್ಚಳ ಹಾಕಿ ಅಥವಾ ಬಟ್ಟೆ ಕಟ್ಟಿ. ವಾರಕ್ಕೊಮ್ಮೆ ಖಾಲಿ ಮಾಡಿ ಒಳಗೋಡೆ ತಿಕ್ಕಿ ತೊಳೆಯಿರಿ, ಮೊಟ್ಟೆ ಗೋಡೆಗೆ ಅಂಟಿರುತ್ತದೆ. ಮಧ್ಯಾಹ್ನ ಮಲಗುವ ಅಜ್ಜನಿಗೂ ಪರದೆ ಬೇಕು. ಈ ಕಾಲದಲ್ಲಿ ಜ್ವರ ಬಂದರೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಗುಳಿಗೆ ಕೊಡಬೇಡಿ, ಡೆಂಗಿ ಇದ್ದರೆ ರಕ್ತಸ್ರಾವ ಆಗಬಹುದು. ಹೃದಯಕ್ಕಾಗಿ ದಿನವೂ ಆಸ್ಪಿರಿನ್ ತೆಗೆದುಕೊಳ್ಳುವವರು ಅದೇ ದಿನ ಡಾಕ್ಟರಿಗೆ ತಿಳಿಸಲಿ.

ಜಾರುವುದು ಇನ್ನೊಂದು ಭಯ. ಸೊಂಟದ ಮೂಳೆ ಮುರಿದರೆ ಎಷ್ಟೋ ಹಿರಿಯರು ಮತ್ತೆ ಮೊದಲಿನ ಹಾಗೆ ನಡೆಯುವುದೇ ಇಲ್ಲ. ಸವೆದ ಹವಾಯಿ ಚಪ್ಪಲಿ ಬಿಸಾಡಿ. ಅಂಗಳದ ಪಾಚಿಯನ್ನು ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿ, ಆ ಹೊತ್ತು ಹಿರಿಯರು ಹತ್ತಿರ ಇರದಿರಲಿ. ವಾಕಿಂಗ್ ಪಡಸಾಲೆಯಲ್ಲಿ.

ಮಳೆ ಮುಗಿಯುವಾಗ ಖಾಲಿ ಸೈಟುಗಳಲ್ಲಿ ಬಿಳಿ ಹೂ ಬಿಡುವ ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ, ಸೀನು, ದಮ್ಮು, ಚರ್ಮದ ತುರಿಕೆ ತರುತ್ತದೆ. ಹೂ ಬಿಡುವ ಮೊದಲೇ ಕೈಚೀಲ ಹಾಕಿ ಕೀಳಿಸಿ.

ಹೆಜ್ಜೆ 6: ಚಳಿ ಮತ್ತು ಹಬ್ಬದ ದಿನಗಳು

ನಮ್ಮ ಚಳಿ ಕಡಿಮೆ ಅಂತ ಕಾಣುತ್ತದೆ. ಆದರೂ ತಣ್ಣನೆ ಮುಂಜಾನೆ ರಕ್ತನಾಳ ಬಿಗಿಯುತ್ತದೆ, ಬಿಪಿ ಏರುತ್ತದೆ, ಹೃದಯಾಘಾತ ಹೆಚ್ಚುವುದು ಈ ಕಾಲದಲ್ಲೇ. ಬೇಸಿಗೆಗೆ ಸರಿಹೊಂದಿದ್ದ ಬಿಪಿ ಗುಳಿಗೆ ಚಳಿಯಲ್ಲಿ ಸಾಲದೆ ಹೋಗಬಹುದು. ಏಳುವಾಗ ಕೌದಿಯೊಳಗೇ ಕೈಕಾಲು ಆಡಿಸಿ, ಒಂದು ನಿಮಿಷ ಮಂಚದ ಅಂಚಿಗೆ ಕೂತು, ಕಿವಿ-ತಲೆ ಮುಚ್ಚಿಕೊಂಡು ಏಳಲಿ. ಸ್ನಾನ ಬಿಸಿಲು ಬಂದ ಮೇಲೆ ಮಾಡಲಿ.

ಎರಡು ಕೆಲಸ ಖಂಡಿತ ಬೇಡ. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ, ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್. ಎರಡರಿಂದಲೂ ಕಾರ್ಬನ್ ಮೋನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಕೆಮ್ಮು ಬರುವುದಿಲ್ಲ, ಮಂಪರು ಬಂದು ಜೀವವೇ ಹೋಗುತ್ತದೆ. ಗ್ಯಾಸ್ ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವಲ್ಲಿ ಕೂರಿಸಿ ನೀರನ್ನಷ್ಟೇ ಪೈಪಿನಲ್ಲಿ ಒಳಗೆ ತನ್ನಿ.

ದೀಪಾವಳಿ ಪಟಾಕಿ, ಗಣಪತಿ ಮೆರವಣಿಗೆ, ಕಾಮದಹನದಲ್ಲಿ ಟೈರ್ ಸುಡುವುದು, ಹುಬ್ಬಳ್ಳಿಯ ರಂಗಪಂಚಮಿ: ಈ ದಿನಗಳು ಮೊದಲೇ ಗೊತ್ತಿರುತ್ತವೆ. ಇನ್‌ಹೇಲರ್ ಮುಗಿದಿದೆಯಾ ಅಂತ ಹಿಂದಿನ ವಾರವೇ ನೋಡಿ. ಆ ರಾತ್ರಿ ರಸ್ತೆಯಿಂದ ದೂರದ ಕೋಣೆಯಲ್ಲಿ ಮಲಗಿಸಿ. ಓಣಿಯ ಹುಡುಗರ ಹತ್ತಿರ ಹೋಗಿ, "ತಮ್ಮಾ, ನಮ್ಮ ಅಜ್ಜಗ ದಮ್ಮ ಐತಿ, ಟೈರ್ ಬ್ಯಾಡ, ಬರೀ ಕಟ್ಟಿಗಿ ಹಚ್ಚರಿ" ಅಂತ ಕೇಳಿ. ಕೇಳಿದರೆ ಬಹಳ ಸಲ ಒಪ್ಪುತ್ತಾರೆ.

ಹಳ್ಳಿಯಲ್ಲಿ ಜೋಳ, ಕಡಲೆ ರಾಶಿ ಮಾಡುವಾಗ ಕಣದ ಹೊಟ್ಟು ಇದಕ್ಕಿಂತ ಕಡಿಮೆಯೇನಲ್ಲ. ಗಾಳಿ ಬೀಸುವ ದಿಕ್ಕಿಗೆ ಹಿರಿಯರು ಕೂರಬಾರದು.

ಹೆಜ್ಜೆ 7: ಗುಳಿಗೆಗಳನ್ನು ಹವೆಯ ಜೊತೆ ನೋಡಿ

ಮಾರ್ಚ್ ಶುರುವಿನಲ್ಲಿ ಮತ್ತು ನವೆಂಬರಿನಲ್ಲಿ ಎಲ್ಲ ಗುಳಿಗೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಡಾಕ್ಟರ್ ಹತ್ತಿರ ಹೋಗಿ. ಮೂತ್ರ ಜಾಸ್ತಿ ಮಾಡಿಸುವ ಬಿಪಿ ಗುಳಿಗೆ ಬೇಸಿಗೆಯಲ್ಲಿ ನೀರು, ಸೋಡಿಯಂ ಎರಡನ್ನೂ ಇಳಿಸಬಹುದು. ಕೆಲವು ನಿದ್ದೆ, ಅಲರ್ಜಿ, ಮೂತ್ರಕೋಶದ ಗುಳಿಗೆಗಳು ಬೆವರು ತಡೆಯುತ್ತವೆ. ವಾಂತಿ-ಭೇದಿ ಆದ ದಿನ ಯಾವ ಗುಳಿಗೆ ನಿಲ್ಲಿಸಬೇಕು ಅಂತ ಮುಂಚೆಯೇ ಬರೆಸಿಕೊಳ್ಳಿ. ನೀವಾಗಿಯೇ ಏನನ್ನೂ ನಿಲ್ಲಿಸಬೇಡಿ.

ಬಳಸದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ, ಫ್ರಿಜ್ಜಿನಲ್ಲಿ ಇರಬೇಕು, ಫ್ರೀಜರಿನಲ್ಲಿ ಅಲ್ಲ. ಇನ್‌ಹೇಲರಿಗೆ ಸ್ಪೇಸರ್ (ಇನ್‌ಹೇಲರಿಗೂ ಬಾಯಿಗೂ ನಡುವೆ ಇಡುವ ಕೊಳವೆ) ಹಚ್ಚಿ, ನಡುಗುವ ಕೈಗೆ ಅದೇ ಅನುಕೂಲ. ಸ್ಟೀರಾಯ್ಡ್ ಇನ್‌ಹೇಲರ್ ಆದ ಮೇಲೆ ಬಾಯಿ ಮುಕ್ಕಳಿಸಲಿ. ಪ್ರತಿ ವರ್ಷದ ಫ್ಲೂ ಲಸಿಕೆ, ನ್ಯುಮೋನಿಯಾ ಲಸಿಕೆ ಬಗ್ಗೆ ಮಳೆಗಾಲಕ್ಕೆ ಮುಂಚೆ ಕೇಳಿ.

ಹೆಜ್ಜೆ 8: ಊಟ, ನಡಿಗೆ

ಕೆಟ್ಟ ಗಾಳಿಯನ್ನೂ ಬಿಸಿಲನ್ನೂ ತಡೆಯುವುದು ಕೊನೆಗೆ ಸ್ನಾಯು. ಸ್ನಾಯು ಇದ್ದವರು ಕೆಮ್ಮಿ ಕಫ ಹೊರಹಾಕುತ್ತಾರೆ, ಕಾಲು ಜಾರಿದರೂ ಸಾವರಿಸಿಕೊಳ್ಳುತ್ತಾರೆ. ಕಿಡ್ನಿ ಸರಿ ಇರುವ ಹಿರಿಯರಿಗೆ ಒಂದು ಕೆಜಿ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. ಹಲ್ಲು ಹೋದ ಮೇಲೆ ಖಟಕ ರೊಟ್ಟಿ, ಕಾಳು ಬಿಟ್ಟು ಬರೀ ಅನ್ನ-ಸಾರಿಗೆ ಇಳಿದುಬಿಡುತ್ತಾರೆ. ಅಲ್ಲಿಂದಲೇ ಸ್ನಾಯು ಕರಗುತ್ತದೆ. ಮೆತ್ತನೆ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ಕೊಡಿ. ಮೊಳಕೆ ಮಡಕಿಕಾಳು ಚೆನ್ನಾಗಿ ಬೇಯಿಸಿ, ಜುಣಕ ಮಾಡಿ, ಮೊಸರಿನಲ್ಲಿ ಶೇಂಗಾ ಹಿಂಡಿ ಕಲಸಿ ಕೊಡಿ, ತಿನ್ನುವವರಿಗೆ ಮೊಟ್ಟೆ. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚ. ಹಪ್ಪಳ, ಉಪ್ಪಿನಕಾಯಿ, ಮಿರ್ಚಿ ಭಜಿಯ ಉಪ್ಪೂ ಇದರಲ್ಲೇ ಬರಬೇಕು.

ವಾರಕ್ಕೆ 150 ನಿಮಿಷ ನಡಿಗೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜೊತೆಗೆ ವಾರಕ್ಕೆ ಮೂರು ದಿನ ಸಮತೋಲನದ, ಬಲದ ವ್ಯಾಯಾಮ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಲಿ. ಅಡುಗೆ ಕಟ್ಟೆ ಹಿಡಿದು ಒಂದು ಕಾಲ ಮೇಲೆ ನಿಲ್ಲಲಿ. ಇದಕ್ಕೆ ಹೊರಗೆ ಹೋಗಬೇಕಿಲ್ಲ, ಗಾಳಿ ಕೆಟ್ಟ ದಿನವೂ ಮಾಡಬಹುದು.

ಹೆಜ್ಜೆ 9: ತಡ ಮಾಡಬಾರದ ಹೊತ್ತು

ಇವುಗಳಲ್ಲಿ ಒಂದು ಕಂಡರೂ 108: ಕೂತಲ್ಲೇ ಏದುಸಿರು, ತುಟಿ ನೀಲಿ, ಆಕ್ಸಿಜನ್ 92ಕ್ಕಿಂತ ಕೆಳಗೆ ಅಥವಾ ಡಾಕ್ಟರ್ ಬರೆದುಕೊಟ್ಟ ಮಟ್ಟಕ್ಕಿಂತ ಕೆಳಗೆ, ಬಾಯಿ ವಾರೆ, ಒಂದು ಕೈ ಬಲ ಇಲ್ಲ, ಮಾತು ತೊದಲು. ಲಕ್ವಕ್ಕೆ ರಕ್ತದ ಗಡ್ಡೆ ಕರಗಿಸುವ ಔಷಧಿ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಶುಗರ್ ಇದ್ದವರಿಗೆ ಹೃದಯಾಘಾತದಲ್ಲಿ ಎದೆನೋವು ಬಾರದಿರಬಹುದು. ತಣ್ಣನೆ ಬೆವರು, ಸುಸ್ತು, ಉಸಿರಿನ ತೊಂದರೆ ಅಷ್ಟೇ ಕಾಣಬಹುದು. ನಿನ್ನೆಯವರೆಗೆ ಚುರುಕಾಗಿದ್ದ ಅಜ್ಜಿ ಇದ್ದಕ್ಕಿದ್ದಂತೆ ಮಂಕಾಗಿ, ಮಕ್ಕಳ ಹೆಸರು ಮರೆತು, ಊಟ ಬಿಟ್ಟರೆ "ವಯಸ್ಸಾತು ಬಿಡ್ರಿ" ಅನ್ನಬೇಡಿ. ಅದು ಸೋಂಕು, ಸೋಡಿಯಂ ಕೊರತೆ, ನೀರಿನ ಕೊರತೆ ಯಾವುದೂ ಇರಬಹುದು. ಅದೇ ದಿನ ತೋರಿಸಿ.

ನೋಟ್‌ಬುಕ್, ಗುಳಿಗೆ ಚೀಟಿ, ಹಳೆಯ ಇಸಿಜಿ, ಆಧಾರ್, ರೇಷನ್ ಕಾರ್ಡ್ ಎಲ್ಲ ಒಂದೇ ಚೀಲದಲ್ಲಿ ಬಾಗಿಲ ಹಿಂದೆ ತೂಗುಹಾಕಿ. ಸಲಹೆಗೆ 104ಕ್ಕೆ, ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು.

ದೂರದ ಊರಲ್ಲಿರುವ ಮಕ್ಕಳಿಗೆ

ಬೆಂಗಳೂರು, ಪುಣೆಯಿಂದ ದಿನವೂ ಫೋನ್ ಮಾಡುವವರು "ಆರಾಮ ಇದೀಯಾ?" ಅಂತ ಕೇಳಿದರೆ ಉತ್ತರ ಗೊತ್ತೇ ಇದೆ. ಬೇರೆ ಕೇಳಿ. ಇವತ್ತು ಎಷ್ಟು ರೊಟ್ಟಿ ತಿಂದೆ? ಮಧ್ಯಾಹ್ನ ಯಾವ ಕೋಣೆಯಲ್ಲಿ ಮಲಗಿದ್ದೆ? ಮಹಡಿ ಹತ್ತಿದೆಯಾ? ಮೂತ್ರದ ಬಣ್ಣ ಕಡು ಹಳದಿ ಇತ್ತಾ? ತೂಕ ಎಷ್ಟು ಬರೆದೆ? ಪಕ್ಕದ ಮನೆಯವರೊಬ್ಬರ ನಂಬರ್ ನಿಮ್ಮ ಫೋನಿನಲ್ಲಿ ಇರಲಿ. ಮಾತಾಡುವಾಗ ಉಸಿರಿನ ಕಡೆ ಗಮನ ಕೊಡಿ. ಅವ್ವ ಒಂದು ವಾಕ್ಯ ಮುಗಿಸಲು ನಡುವೆ ಎರಡು ಸಲ ನಿಂತು ಉಸಿರು ಎಳೆದುಕೊಂಡರೆ, ಆ ಫೋನ್ ಇಟ್ಟ ಕೂಡಲೇ ಪಕ್ಕದ ಮನೆಯವರಿಗೆ ಕರೆ ಮಾಡಿ ಆಕ್ಸಿಮೀಟರ್ ಹಾಕಿ ನೋಡಲು ಹೇಳಿ.